ಕೂಸಿಗೆ ಕ್ಯಾಮೆರಾ ಬೇಡ ಭಾವ, ಹೆಡ್‌ಫೋನ್ ಕೊಡಿಸು

ಸಂಪಾದಕರಿಗೆ ನಮಸ್ಕಾರ.

ಪ್ರತಿ ವರ್ಷ ರಿಸಲ್ಟ್ ಬರುವ ಹೊತ್ತಿಗೆ ನಿಮ್ಮ ಶಿಕ್ಷಣ ಪುರವಣಿಯಲ್ಲಿ ಸಿನಿಮಾ ಕೋರ್ಸುಗಳ ಬಗ್ಗೆ ಒಂದು ಲೇಖನ ಬರುತ್ತದೆ. ಯಾವ ಊರಲ್ಲಿ ಯಾವ ಕೋರ್ಸು, ಎಷ್ಟು ವರ್ಷ, ಅರ್ಜಿ ಹೇಗೆ ಹಾಕಬೇಕು, ಮುಗಿಸಿದರೆ 'ವಿಪುಲ ಅವಕಾಶಗಳು'. ಅಷ್ಟೇ. ಒಳಗೆ ಹೋದ ಮೇಲೆ ಏನು ಮಾಡಬೇಕು ಅಂತ ಒಂದು ಸಾಲೂ ಇರುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ. ಕತ್ತರಿಸಲೇಬೇಕು ಅಂದರೆ ಮಧ್ಯದಲ್ಲಿ ಎಲ್ಲಾದರೂ ಕತ್ತರಿಸಿ.

ನಾನು ಶಿರಸಿ ಹತ್ತಿರದ ಹಳ್ಳಿಯವನು. ರಾಜ್ಯದ ಹೊರಗೆ ಒಂದು ಫಿಲ್ಮ್ ಸ್ಕೂಲಲ್ಲಿ ಸೌಂಡ್ ಕಲಿತೆ. ಈಗ ಸಿನಿಮಾ, ಡಾಕ್ಯುಮೆಂಟರಿಗಳಿಗೆ ಸೌಂಡ್ ರೆಕಾರ್ಡ್ ಮಾಡುತ್ತೇನೆ. ಮಳೆಗಾಲದಲ್ಲಿ ಕೆಲಸ ಕಡಿಮೆ, ಆಗ ಊರಲ್ಲಿರುತ್ತೇನೆ.

ಹೋದ ವಾರ ಸಂಜೆ ಪಕ್ಕದ ಮನೆ ಭಾವ ನಮ್ಮ ಜಗಲಿಗೆ ಬಂದು ಕೂತ. ಕವಳದ ಬಟ್ಟಲು ಹತ್ತಿರ ಎಳೆದುಕೊಂಡ. 'ತಮಾ, ನಮ್ಮ ಕೂಸಿಗೆ ಸಿನಿಮಾ ಶಾಲೆಯಲ್ಲಿ ಸೀಟು ಸಿಕ್ತು' ಅಂದ. ಕೂಸು ಅಂದರೆ ಅವನ ಮಗಳು. ಖುಷಿಯೋ ಗಾಬರಿಯೋ, ಮುಖ ನೋಡಿದರೆ ಗೊತ್ತಾಗಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ, ಕ್ಯಾಮೆರಾ ಯಾವುದು ಕೊಡಿಸಬೇಕು? ಕೂಸು ಒಂದೂವರೆ ಲಕ್ಷದ್ದು ನೋಡಿಟ್ಟಿದ್ದಾಳಂತೆ. ಅಟ್ಟದ ಮೇಲೆ ಚಾಲಿ ಅಡಿಕೆ ಇದೆ, ದರ ಏರಲಿ ಅಂತ ಕಾಯ್ತಾ ಇದ್ದೆ, ಈಗ ಮಾರಿಬಿಡ್ತೆ ಅಂದ.

ಬೇಡ ಅಂದೆ. ಅವನಿಗೆ ಆಶ್ಚರ್ಯ ಆಯಿತು. ಸಿನಿಮಾ ಕಲಿಯುವವರಿಗೆ ಕ್ಯಾಮೆರಾ ಬೇಡ ಅಂದರೆ ಹೇಗೆ, ಅಲ್ವಾ?

ಶಾಲೆಯಲ್ಲಿ ಕ್ಯಾಮೆರಾ ಇರುತ್ತದೆ. ಅದಕ್ಕೇ ಅಲ್ಲವೇ ಫೀಸು ಕಟ್ಟುವುದು? ಕ್ಯಾಮೆರಾ ಮೂರು ವರ್ಷದಲ್ಲಿ ಹಳೆಯದಾಗುತ್ತದೆ, ಅಷ್ಟರಲ್ಲಿ ಇವಳ ಮನಸ್ಸೂ ಬದಲಾಗಿರುತ್ತದೆ. ನಿರ್ದೇಶಕಿ ಆಗಬೇಕು ಅಂತ ಹೋದವರು ಎಡಿಟಿಂಗ್ ಟೇಬಲ್ ಮುಂದೆ ಕೂತು ಏಳದೇ ಇದ್ದದ್ದನ್ನು ನೋಡಿದ್ದೇನೆ. ಇನ್ನೊಂದು ವಿಷಯ. ಸ್ವಂತ ಕ್ಯಾಮೆರಾ ಇದ್ದವನನ್ನು ಬ್ಯಾಚಿನವರೆಲ್ಲ ತಮ್ಮ ತಮ್ಮ ಶೂಟಿಂಗಿಗೆ ಕರೆಯುತ್ತಾರೆ, ಅವನೂ ಹೆಮ್ಮೆಯಿಂದ ಹೋಗುತ್ತಾನೆ, ಕರೆದದ್ದು ತನ್ನನ್ನೋ ಕ್ಯಾಮೆರಾವನ್ನೋ ಅಂತ ಅವನಿಗೆ ತಿಳಿಯುವಾಗ ಎರಡನೇ ವರ್ಷ ಮುಗಿದಿರುತ್ತದೆ.

ಏನು ಕೊಡಿಸಬೇಕು ಹಾಗಾದರೆ? ಕಿವಿ ಪೂರ್ತಿ ಮುಚ್ಚುವ ಒಂದು ಒಳ್ಳೆಯ ಹೆಡ್‌ಫೋನ್. ಎರಡು ಹಾರ್ಡ್ ಡಿಸ್ಕ್. ನೆನೆದರೂ ಜಾರದ ಒಂದು ಜೊತೆ ಶೂ. ಹಾರ್ಡ್ ಡಿಸ್ಕ್ ಎರಡು ಯಾಕೆ ಅಂದರೆ, ನಮ್ಮ ಬ್ಯಾಚಿನ ಒಬ್ಬ ಆರು ದಿನದ ಶೂಟಿಂಗ್ ಪೂರ್ತಿ ಒಂದೇ ಡಿಸ್ಕಿನಲ್ಲಿ ಇಟ್ಟುಕೊಂಡಿದ್ದ. ಅದು ಹಾಸ್ಟೆಲ್ ಮಂಚದಿಂದ ಕೆಳಗೆ ಬಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ, ಟಕ್ ಅಂತ ಒಂದು ಸಲ. ಆಮೇಲೆ ಅವನು ಎರಡು ದಿನ ಊಟಕ್ಕೆ ಬರಲಿಲ್ಲ. ಒಟ್ಟು ಮೂರು ಪ್ರತಿ ಇರಬೇಕು, ಎರಡು ಬೇರೆ ಬೇರೆ ಬಗೆಯ ಜಾಗದಲ್ಲಿ ಇರಬೇಕು, ಒಂದು ಕಟ್ಟಡದಿಂದಲೇ ಹೊರಗೆ ಇರಬೇಕು. ಎಲ್ಲ ಕಡೆ ಹೇಳಿಕೊಡುವ ಮಾತೇ ಇದು. ಕಳೆದುಕೊಂಡವರಿಗೆ ಮಾತ್ರ ನೆನಪಿರುತ್ತದೆ.

ಈಗ ನನ್ನ ಮೊದಲ ನಾಲ್ಕು ತಿಂಗಳ ಕಥೆ. ಹಿಂದಿನ ಬೆಂಚಲ್ಲಿ ಕೂತು ತಲೆ ಆಡಿಸಿದೆ, ಬೇರೇನೂ ಮಾಡಲಿಲ್ಲ. ಸುತ್ತ ಎಲ್ಲರೂ ಇಂಗ್ಲಿಷಿನಲ್ಲಿ ಯೂರೋಪಿನ, ಜಪಾನಿನ ನಿರ್ದೇಶಕರ ಹೆಸರು ಹೇಳುತ್ತಿದ್ದರು, ಅದೂ ಸೋದರಮಾವನ ಹೆಸರು ಹೇಳಿದ ಹಾಗೆ. ನಾನು ನೋಡಿದ್ದು ಟಿವಿಯಲ್ಲಿ ಬಂದದ್ದು, ಶಿರಸಿಯ ಥಿಯೇಟರಿನಲ್ಲಿ ಬಂದದ್ದು. ಅವರೆಲ್ಲ ಗೊತ್ತು ಅನ್ನುವ ಹಾಗೆ ಹೌದು ಹೌದು ಅನ್ನುತ್ತಿದ್ದೆ. ಒಂದು ದಿನ ಮೇಷ್ಟ್ರು ನನ್ನನ್ನೇ ಎಬ್ಬಿಸಿ, ಅಂಥದೇ ಒಂದು ಸಿನಿಮಾದ ಕೊನೆಯ ದೃಶ್ಯದಲ್ಲಿ ಸದ್ದು ಯಾವಾಗ ನಿಲ್ಲುತ್ತದೆ ಅಂತ ಕೇಳಿಬಿಟ್ಟರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ನೋಡಿಲ್ಲ ಸರ್ ಅಂದೆ. ಅವರು ಏನೂ ಅನ್ನಲಿಲ್ಲ, ಸಂಜೆ ಹಾಕಿಸುತ್ತೇನೆ ನೋಡು ಅಂದರು. ಕ್ಲಾಸು ಮುಗಿದ ಮೇಲೆ ಮೂವರು ಒಬ್ಬೊಬ್ಬರಾಗಿ ಬಂದು, ನಾನೂ ನೋಡಿಲ್ಲ ಮಾರಾಯ ಅಂತ ಪಿಸುಗುಟ್ಟಿ ಹೋದರು. ಅವರಲ್ಲಿ ಒಬ್ಬ ದಿನಾ ಅತಿ ಜಾಸ್ತಿ ಹೆಸರು ಹೇಳುತ್ತಿದ್ದವನು!

ಅದಕ್ಕೇ ಭಾವನ ಮಗಳಿಗೆ ಹೇಳಿದ್ದು. ಗೊತ್ತಿಲ್ಲ ಅನ್ನುವುದನ್ನು ಮೊದಲ ವಾರವೇ ಹೇಳಿಬಿಡು. ನಾಲ್ಕು ತಿಂಗಳು ಉಳಿಯುತ್ತದೆ. ನೋಟ್ಸ್ ಕನ್ನಡದಲ್ಲಿ ಬರಿ. ಕಥೆ ಮೊದಲು ಕನ್ನಡದಲ್ಲೇ ಹೊಳೆಯಲಿ, ಇಂಗ್ಲಿಷಿಗೆ ಆಮೇಲೆ ತಿರುಗಿಸಿಕೊಂಡರಾಯಿತು. ಸುಮ್ನೆ ಇಂಗ್ಲಿಷಿನಲ್ಲಿ ಯೋಚಿಸಲು ಹೋಗಿ ನಾನು ಬರೆದ ಮೊದಲ ಸ್ಕ್ರಿಪ್ಟಿನಲ್ಲಿ ನಮ್ಮೂರಿನ ಅಜ್ಜಿ ಒಬ್ಬಳು ಲಂಡನ್ನಿನ ಪ್ರೊಫೆಸರ್ ಥರ ಮಾತಾಡಿದ್ದಳು.

ಹೋಗುವ ಮೊದಲೇ ನೋಡುವ ಅಭ್ಯಾಸ ಮಾಡಿಕೊಳ್ಳಬಹುದು, ಅದಕ್ಕೆ ಬೆಂಗಳೂರೇ ಬೇಕಂತಿಲ್ಲ. ಶಿರಸಿಯಲ್ಲಿ ಬೆಳಿಗ್ಗೆ ಸಾಗರದ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದೊಳಗೆ ಹೆಗ್ಗೋಡಿನಲ್ಲಿ ಇರಬಹುದು. ಅಡಿಕೆ ತೋಟದ ನಡುವಿನ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ನೀನಾಸಂ ರಂಗಸಂಸ್ಥೆಯವರು 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ, ಜಗತ್ತಿನ ದೊಡ್ಡ ಸಿನಿಮಾಗಳನ್ನು ಕೊಟ್ಟಿಗೆ ಕೆಲಸ ಮುಗಿಸಿ ಬಂದವರಿಗೆ ತೋರಿಸಿದ್ದರು. ಹಳ್ಳಿಯವರಿಗೆ ಅರ್ಥ ಆಗುವುದಿಲ್ಲ ಅನ್ನುವ ಮಾತು ಅಲ್ಲೇ ಸುಳ್ಳಾಗಿದೆ. ಈಗಂತೂ ಮೊಬೈಲಿನಲ್ಲೇ ಎಲ್ಲ ಸಿಗುತ್ತದೆ. ಆದರೆ ಮೊಬೈಲಿನಲ್ಲಿ ಸಿನಿಮಾ ನೋಡುವುದು ಕಿಟಕಿ ಸಂದಿಯಿಂದ ಯಕ್ಷಗಾನ ನೋಡಿದ ಹಾಗೆ. ಇದು ನನ್ನ ಅಭಿಪ್ರಾಯ, ಸಿಟ್ಟು ಬಂದರೆ ಬರಲಿ.

ಕಾರವಾರದ ಒಂದು ಕಥೆ ಹೇಳಬೇಕು. ಮೊದಲ ವರ್ಷದ ಮೇ ರಜೆಗೆ ಶಾಲೆಯ ಒಂದು ರೆಕಾರ್ಡರನ್ನು ಸಹಿ ಹಾಕಿ ಊರಿಗೆ ತಂದಿದ್ದೆ. ನಮ್ಮ ಜಿಲ್ಲೆಯ ಸಮುದ್ರವನ್ನು ಬ್ಯಾಚಿನವರಿಗೆಲ್ಲ ಕೇಳಿಸಬೇಕು ಅಂತ ಹುಕಿ. ಟ್ಯಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ಐದಕ್ಕೇ ಹೋಗಿ, ಅಲೆಗಳ ಎದುರು ಮೈಕ್ ನಿಲ್ಲಿಸಿ, ಮರಳ ಮೇಲೆ ಕೂತು ಒಂದು ಗಂಟೆ ರೆಕಾರ್ಡ್ ಮಾಡಿದೆ. ದೂರದಲ್ಲಿ ದ್ವೀಪದ ಗುಡ್ಡಗಳು, ಮೇಲೆ ಕೆಂಪು ಆಕಾಶ, ನನಗೆ ನಾನೇ ದೊಡ್ಡ ಕಲಾವಿದ. ಮನೆಗೆ ಬಂದು ಕೇಳಿದರೆ ಏನಿದೆ? ರೇಡಿಯೋದಲ್ಲಿ ಸ್ಟೇಷನ್ ಸಿಗದಾಗ ಬರುತ್ತದಲ್ಲ, ಅದೇ ಸದ್ದು. ಶ್ಶ್ಶ್ ಅಂತ ಒಂದು ಗಂಟೆ.

ತಪ್ಪು ಮೈಕಿನದಲ್ಲ. ದೂರದಿಂದ ಕೇಳುವ ಅಲೆ ಅಂದರೆ ಸಾವಿರಾರು ಸಣ್ಣ ಸದ್ದುಗಳು ಒಂದರ ಮೇಲೊಂದು ಬಿದ್ದು ಎಲ್ಲ ಸ್ವರಗಳೂ ಒಟ್ಟಿಗೆ ಮೊಳಗುವುದು. ನಾವು ಅಲ್ಲಿ ನಿಂತಾಗ ಕಣ್ಣು ನೋಡುತ್ತಿರುತ್ತದೆ, ಮೈಗೆ ಗಾಳಿ ತಾಗುತ್ತಿರುತ್ತದೆ, ಹಾಗಾಗಿ ಮಿದುಳು ಅದನ್ನು ಸಮುದ್ರ ಅಂತ ತಿದ್ದಿಕೊಳ್ಳುತ್ತದೆ. ಮೈಕಿಗೆ ಕಣ್ಣೂ ಇಲ್ಲ, ಮೈಯೂ ಇಲ್ಲ.

ಮರುದಿನ ಬೈತಖೋಲ್ ಬಂದರಿಗೆ ಹೋದೆ. ಜೂನ್ 1ಕ್ಕೆ ಬೋಟುಗಳೆಲ್ಲ ಎರಡು ತಿಂಗಳು ನಿಲ್ಲುತ್ತವೆ, ಇದು ಮೇ ಕೊನೆಯ ವಾರ, ಗದ್ದಲವೋ ಗದ್ದಲ. ಐಸ್ ಸುರಿಯುವ ಸದ್ದು, ಡೀಸೆಲ್ ಎಂಜಿನ್, ಕೊಂಕಣಿಯಲ್ಲಿ ರೇಟಿನ ಜಗಳ. ಮೂಲೆಯಲ್ಲಿ ಒಂದು ಖಾಲಿ ಬೋಟನ್ನು ಹಗ್ಗದಿಂದ ಕಟ್ಟಿದ್ದರು. ಅಲೆ ಬಂದಾಗ ಹಗ್ಗ ಬಿಗಿಯಾಗಿ ಕಿರ್ರ್ ಅನ್ನುವುದು, ಸಡಿಲ ಆದಾಗ ನೀರು ಬೋಟಿನ ಹೊಟ್ಟೆಗೆ ಚಪ್ ಅಂತ ಬಡಿಯುವುದು. ಮೈಕನ್ನು ಹಗ್ಗದಿಂದ ಒಂದು ಗೇಣು ದೂರದಲ್ಲಿ ಹಿಡಿದೆ. ವಾಪಸ್ ಹೋದ ಮೇಲೆ ಕ್ಲಾಸಿನಲ್ಲಿ ಎಂಟು ಸೆಕೆಂಡ್ ಕೇಳಿಸಿದೆ, ಏನೂ ಹೇಳದೆ. ಸಮುದ್ರ ನೋಡದ ಹುಡುಗ ಒಬ್ಬ ರಾಜಸ್ಥಾನದವನು ಇದ್ದ. ಅವನೇ ಮೊದಲು ಹೇಳಿದ, ದೋಣಿ ಅಂತ.

ಆ ವ್ಯರ್ಥ ಒಂದು ಗಂಟೆಗೆ ನನ್ನಿಂದ ಯಾರೂ ದುಡ್ಡು ಕೇಳಲಿಲ್ಲ. ಈಗ ಅದೇ ತಪ್ಪು ಮಾಡಿದರೆ ಮರುದಿನ ನನ್ನ ಜಾಗದಲ್ಲಿ ಬೇರೆಯವನು ಇರುತ್ತಾನೆ. ಫಿಲ್ಮ್ ಸ್ಕೂಲಿನಲ್ಲಿ ಕಟ್ಟಿದ ಫೀಸು ಹೀಗೆ ವಸೂಲಾಗುತ್ತದೆ. ಇದನ್ನು ಅಪ್ಪ ಅಮ್ಮಂದಿರಿಗೆ ಹೇಳುವುದು ಕಷ್ಟ.

ನನ್ನ ಬ್ಯಾಚಿನಲ್ಲಿ ತನ್ನ ಸಿನಿಮಾ ಒಂದನ್ನು ಬಿಟ್ಟು ಯಾರ ಶೂಟಿಂಗಿಗೂ ಹೋಗದ ಒಬ್ಬ ಇದ್ದ. ತುಂಬ ಬುದ್ಧಿವಂತ. ನಮಗಿಂತ ಜಾಸ್ತಿ ಓದಿದವನು. ಕೊನೆಯ ವರ್ಷ ಡಿಪ್ಲೊಮಾ ಸಿನಿಮಾಕ್ಕೆ ಜನ ಬೇಕಾದಾಗ ಯಾರೂ ಬರಲಿಲ್ಲ. ನಾನು ಅಷ್ಟು ಬುದ್ಧಿವಂತ ಅಲ್ಲ, ಕರೆದಲ್ಲಿಗೆ ಹೋದೆ. ಮೂರು ವರ್ಷದಲ್ಲಿ 11 ಬೇರೆಯವರ ಸಿನಿಮಾಕ್ಕೆ ಬೂಮ್ ಹಿಡಿದಿದ್ದೇನೆ. ಬೂಮ್ ಅಂದರೆ ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕು. ಅದನ್ನು ಫ್ರೇಮಿನ ಒಳಗೆ ಬಾರದ ಹಾಗೆ, ನೆರಳೂ ಬೀಳದ ಹಾಗೆ, ನಟರ ತಲೆ ಮೇಲೆ ಹಿಡಿದು ಅಲ್ಲಾಡದೆ ನಿಲ್ಲಬೇಕು. ಅಡಿಕೆ ಕೊನೆಕೊಯ್ಲಿನಲ್ಲಿ ಉದ್ದದ ದೋಟಿ ಹಿಡಿದು ಗೊತ್ತಿದ್ದರೆ ಅರ್ಧ ಕೆಲಸ ಬಂದ ಹಾಗೆ. ಕ್ಲ್ಯಾಪ್ ಹೊಡೆದಿದ್ದೇನೆ, ಟ್ರಾಫಿಕ್ ನಿಲ್ಲಿಸಿದ್ದೇನೆ, 40 ಜನರಿಗೆ ಚಹಾ ತಂದಿದ್ದೇನೆ. ಈಗ ನನಗೆ ಬರುವ ಕೆಲಸ ಎಲ್ಲ ಆ 11 ಮಂದಿಯಿಂದ, ಅವರ ಸ್ನೇಹಿತರಿಂದ. ನನ್ನ ಸರ್ಟಿಫಿಕೇಟು ಎಲ್ಲಿದೆ ಅಂತ ಅಮ್ಮನನ್ನು ಕೇಳಬೇಕು, ಇವತ್ತಿನವರೆಗೆ ಯಾರೂ ನೋಡಲು ಕೇಳಿಲ್ಲ.

ಇದರಲ್ಲೇ ಒಂದು ನಗುವ ಕಥೆ. ಎರಡನೇ ವರ್ಷ ಒಬ್ಬ ಗೆಳೆಯನ ಸಿನಿಮಾ, ಹಳೇ ಬಾಡಿಗೆ ಮನೆಯಲ್ಲಿ ಶೂಟಿಂಗ್. ಮುಗಿದ ಮೇಲೆ ನಾನು 30 ಸೆಕೆಂಡ್ ಎಲ್ಲರೂ ಸುಮ್ಮನೆ ನಿಲ್ಲಿ ಅಂದೆ. ಖಾಲಿ ಕೋಣೆಗೂ ಅದರದ್ದೇ ಸದ್ದು ಇರುತ್ತದೆ. ಗೋಡೆಯೊಳಗಿನ ನೀರಿನ ಪೈಪು, ದೂರದ ರಸ್ತೆ, ಟ್ಯೂಬ್‌ಲೈಟಿನ ಗುಂಯ್. ಅದನ್ನು ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಎಡಿಟಿಂಗಿನಲ್ಲಿ ಮಾತಿನ ನಡುವೆ ಸೇರಿಸಲು ಏನೂ ಇರುವುದಿಲ್ಲ. ಎಲ್ಲರಿಗೂ ಹಸಿವು. ಹೋಗೋ, ನಿಶ್ಶಬ್ದ ಎಲ್ಲ ಕಡೆ ಒಂದೇ ಅಂತ ನಕ್ಕರು. ನಾನೂ ಬಿಟ್ಟೆ, ತಪ್ಪು ನನ್ನದು. ಎಡಿಟಿಂಗಿಗೆ ಕೂತಾಗ ಎರಡು ಮಾತಿನ ನಡುವೆ ಸದ್ದು ಪೂರ್ತಿ ಸತ್ತು, ಮತ್ತೆ ಹುಟ್ಟಿ, ಮತ್ತೆ ಸತ್ತು, ಪ್ರೇಕ್ಷಕನಿಗೆ ಕಿವಿ ಕಟ್ಟಿದ ಹಾಗೆ ಆಗುತ್ತಿತ್ತು. ಬೇರೆ ಮನೆಯ ನಿಶ್ಶಬ್ದ ಹಾಕಿ ನೋಡಿದೆವು, ಹೊಂದಲಿಲ್ಲ. ಕೊನೆಗೆ ರಾತ್ರಿ ಅದೇ ಮನೆಯ ಬಾಗಿಲು ತಟ್ಟಿದೆವು. ಮಾಲೀಕರು ನಿದ್ದೆಗಣ್ಣಲ್ಲಿ ಏನು ಬಿಟ್ಟು ಹೋಗಿದ್ದೀರಿ ಅಂತ ಕೇಳಿದರು. ನಿಶ್ಶಬ್ದ ಅಂದೆ. ಪುಣ್ಯಕ್ಕೆ ಒಳಗೆ ಬಿಟ್ಟರು.

ಊರಿನ ಸದ್ದು ಎಲ್ಲಿ ಹೇಗೆ ಕೆಲಸಕ್ಕೆ ಬರುತ್ತದೆ ಅಂತಲೂ ಹೇಳಲಾಗುವುದಿಲ್ಲ. ಒಬ್ಬಳಿಗೆ ತನ್ನ ಸಿನಿಮಾದ ಕೊಲೆ ದೃಶ್ಯಕ್ಕೆ ಚಾಕುವಿನ ಸದ್ದು ಬೇಕಿತ್ತು. ಎಲೆಕೋಸು, ಕಲ್ಲಂಗಡಿ ಎಲ್ಲ ಕೊಯ್ದು ನೋಡಿದೆವು. ಆಗ ನನಗೆ ನಮ್ಮನೆಯ ಸುಲಿತ ನೆನಪಾಯಿತು. ರಾತ್ರಿ ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹಸಿ ಅಡಿಕೆ ಸುಲಿಯುವಾಗ ಸಿಪ್ಪೆ ಸೀಳುವ ಸದ್ದು, ಒದ್ದೆ ಒದ್ದೆ, ಗಟ್ಟಿ. ಒಬ್ಬೊಬ್ಬರ ಕೈಗೆ ಒಂದೊಂದು ಲಯ. ಹುಟ್ಟಿದಾಗಿನಿಂದ ಕೇಳಿದ್ದೆ, ಕೇಳಿಸಿಕೊಂಡಿರಲಿಲ್ಲ. ರಜೆಯಲ್ಲಿ ಬಂದು ರೆಕಾರ್ಡ್ ಮಾಡಿಕೊಂಡು ಹೋದೆ. ದೃಶ್ಯ ನೋಡಿದವರು ಕಣ್ಣು ಮುಚ್ಚಿಕೊಂಡರು. ನಮ್ಮನೆ ಅಡಿಕೆ ಸಿನಿಮಾದಲ್ಲಿ ಬಂತಾ ಅಂತ ಅಮ್ಮ ಫೋನಿನಲ್ಲಿ ಕೇಳಿದಳು. ಬಂತು ಅಂದೆ. ಎಲ್ಲಿ ಬಂತು ಅಂತ ಇವತ್ತಿಗೂ ಹೇಳಿಲ್ಲ.

ಶಂಕರ್ ನಾಗ್ ಯಾವ ಫಿಲ್ಮ್ ಸ್ಕೂಲಿಗೆ ಹೋಗಿದ್ದರು ಅಂತ ಕೇಳುವವರು ನಮ್ಮ ಪೇಟೆಯಲ್ಲಿ ತುಂಬ ಜನ. ನಿಜ, ನಮ್ಮ ಹೊನ್ನಾವರ ಕಡೆ ಹುಟ್ಟಿದ ಅವರು ಹೋಗಲಿಲ್ಲ. ಆದರೆ ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಬೆಳೆದರು, ಅದೇನು ಸಣ್ಣ ಶಾಲೆಯಾ? ಹೋದವರೂ ಇದ್ದಾರೆ. ಗಿರೀಶ ಕಾಸರವಳ್ಳಿ ಮಣಿಪಾಲದಲ್ಲಿ ಫಾರ್ಮಸಿ ಓದಿ ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು. ಅವರು ಅಲ್ಲಿ ಓದುತ್ತಿದ್ದ ಹೊತ್ತಿನಲ್ಲೇ, 1974-75ರಲ್ಲಿ, ಅದರ ನಿರ್ದೇಶಕರಾಗಿದ್ದದ್ದು ನಮ್ಮ ಶಿರಸಿಯಲ್ಲಿ ಯಕ್ಷಗಾನ, ಕಂಪನಿ ನಾಟಕ ನೋಡಿ ಬೆಳೆದ ಗಿರೀಶ ಕಾರ್ನಾಡ್. ಇದನ್ನು ಭಾವನಿಗೆ ಹೇಳಿದಾಗ ಸ್ವಲ್ಪ ನೆಟ್ಟಗೆ ಕೂತ.

ಯಾವ ಶಾಲೆ ಅಂತ ಕೇಳುವವರಿಗೆ ಎರಡು ಮಾತು. ಪುಣೆಯದ್ದು 1960ರಲ್ಲಿ ಹಳೇ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ ಶುರುವಾದದ್ದು. ಕೋಲ್ಕತ್ತದ ಸತ್ಯಜಿತ್ ರಾಯ್ ಇನ್‌ಸ್ಟಿಟ್ಯೂಟ್ 1995ರದ್ದು. ಎರಡೂ ಕೇಂದ್ರ ಸರ್ಕಾರದವು. ನಿರ್ದೇಶನ, ಕ್ಯಾಮೆರಾ, ಎಡಿಟಿಂಗ್, ಸೌಂಡ್ ಕಲಿಯಲು ಡಿಗ್ರಿ ಮುಗಿಸಿ ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮ ರಾಜ್ಯದ ಸರ್ಕಾರಿ ಸಂಸ್ಥೆ ಹೆಸರಘಟ್ಟದಲ್ಲಿದೆ. ಅದನ್ನು ಕಡೆಗಣಿಸುವವರಿಗೆ ಗೊತ್ತಿರಲಿ, ಅದರ ಬೇರು 1943ರಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಶುರುವಾದ ಸಿನಿಮಾ ತರಗತಿಯಲ್ಲಿದೆ, ಪುಣೆಗಿಂತ ಹಳೆಯದು. ಮೈಸೂರಿನ ವಿ.ಕೆ. ಮೂರ್ತಿ ಕ್ಯಾಮೆರಾ ಕಲಿತದ್ದು ಅಲ್ಲಿ, ಹಿಂದಿ ಸಿನಿಮಾ ನಿರ್ದೇಶಕ ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ. ಮೂರ್ತಿಯವರು ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು.

ಖಾಸಗಿ ಶಾಲೆ ಆದರೆ ದುಡ್ಡು ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಒಂದು ಕ್ಯಾಮೆರಾಕ್ಕೆ ಎಷ್ಟು ಮಕ್ಕಳು? ಒಬ್ಬೊಬ್ಬರು ಎಷ್ಟು ಸಿನಿಮಾ ಮಾಡಬಹುದು, ಖರ್ಚು ಯಾರದ್ದು? ಬ್ರೋಷರಿನಲ್ಲಿ ಫೋಟೋ ಇರುವ ದೊಡ್ಡವರು ವಾರಕ್ಕೆ ಎಷ್ಟು ದಿನ ಬರುತ್ತಾರೆ? ಹೋದ ವರ್ಷದ ಮಕ್ಕಳ ಸಿನಿಮಾ ತೋರಿಸುತ್ತೀರಾ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಎದ್ದು ಬನ್ನಿ. ನಮ್ಮ ಕಡೆಯ ಇಬ್ಬರು ಹುಡುಗರು ಮೂರು ತಿಂಗಳ ನಿರ್ದೇಶನದ ಕೋರ್ಸಿಗೆ ಲಕ್ಷಗಟ್ಟಲೆ ಸುರಿದು, ಒಂದು ಶಾಟ್ ಕೂಡ ತೆಗೆಯದೆ, ಗಾಜು ಹಾಕಿಸಿದ ಸರ್ಟಿಫಿಕೇಟ್ ಹಿಡಿದು ಬಂದಿದ್ದಾರೆ.

ಭಾವ ಕೊನೆಗೆ, ಹೋಗುವ ಹೊತ್ತಿಗೆ, ಮೆಟ್ಟಿಲ ಹತ್ತಿರ ನಿಂತು ಮೆಲ್ಲಗೆ ಕೇಳಿದ್ದು ಬೇರೆಯೇ. ರಾತ್ರಿ ಶೂಟಿಂಗ್ ಎಲ್ಲ ಇರ್ತದಾ? ಇರುತ್ತದೆ ಅಂದೆ, ಸುಳ್ಳು ಹೇಳಲಿಲ್ಲ. 2013ರ ಕಾನೂನಿನ ಪ್ರಕಾರ ಅಂಥ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅದರಲ್ಲಿ ಯಾರಿದ್ದಾರೆ, ನಂಬರು ಏನು ಅಂತ ಸೇರಿದ ದಿನವೇ ಬರೆದಿಟ್ಟುಕೊಳ್ಳಲಿ. ರಾತ್ರಿ ಶೂಟಿಂಗಿನಿಂದ ವಾಪಸ್ ಬಿಡುವ ವಾಹನ ಇದೆಯಾ ಅಂತ ಪ್ರತಿ ಸಲವೂ ಕೇಳಲಿ, ನಾಚಿಕೊಳ್ಳದೆ. ನಮ್ಮ ಬ್ಯಾಚಿನ ಹುಡುಗಿಯರು ಕೇಳಿ ಕೇಳಿಯೇ ಆ ವ್ಯವಸ್ಥೆ ಮಾಡಿಸಿಕೊಂಡದ್ದು. ಹುಡುಗರಿಗೂ ಅದರಿಂದ ಸುಖ ಆಯಿತು, ನಾವು ಕೇಳಿರಲಿಲ್ಲ ಅಷ್ಟೆ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಪುರವಣಿಯಲ್ಲಿ ಕೋರ್ಸುಗಳ ಪಟ್ಟಿ ಹಾಕುವಾಗ ಪಕ್ಕದಲ್ಲಿ ಅರ್ಧ ಪುಟ ಜಾಗ ಬಿಡಿ. ನಮ್ಮ ಜಿಲ್ಲೆಯಿಂದ ಹೋಗಿ ಕಲಿತವರು, ಕಲಿಯುತ್ತಿರುವವರು, ಅರ್ಧಕ್ಕೆ ಬಿಟ್ಟು ಬಂದವರೂ ಬರೆಯಲಿ. ಬಿಟ್ಟು ಬಂದವರದ್ದು ಮುಖ್ಯವಾಗಿ ಬೇಕು. ಆಮೇಲೆ ಇವರೆಲ್ಲ ಮಾಡಿದ ಸಣ್ಣ ಸಿನಿಮಾಗಳನ್ನು ವರ್ಷಕ್ಕೊಮ್ಮೆ ಶಿರಸಿಯಲ್ಲೋ ಕಾರವಾರದಲ್ಲೋ ಯಾವುದಾದರೂ ಸಭಾಭವನದಲ್ಲಿ ತೋರಿಸುವ ಹಾಗಾದರೆ, ಸ್ಪೀಕರ್ ಜೋಡಿಸುವ ಕೆಲಸ ನಾನು ಪುಕ್ಕಟೆ ಮಾಡಿಕೊಡುತ್ತೇನೆ.

ನಿನ್ನೆ ಭಾವ ಮತ್ತೆ ಬಂದಿದ್ದ. ಹೆಡ್‌ಫೋನ್ ತಂದಾಯಿತಂತೆ, ಡಿಸ್ಕ್ ಎರಡೂ ತಂದಾಯಿತಂತೆ. ಚಾಲಿ ಅಟ್ಟದ ಮೇಲೇ ಇದೆ. ಕೂಸು ಎರಡು ದಿನದಿಂದ ನನ್ನ ಹಳೇ ರೆಕಾರ್ಡರ್ ಹಿಡಿದು ಮಳೆಯಲ್ಲಿ ತೋಟ ಸುತ್ತುತ್ತಿದ್ದಾಳೆ. ನಿನ್ನೆ ರಾತ್ರಿ ಕಪ್ಪೆ ಕೂಗುವುದನ್ನು ಹಿಡಿದು ತಂದಿದ್ದಳು, ಕೇಳಿದರೆ ಮಧ್ಯದಲ್ಲಿ ಭಾವ 'ಏ ಕೂಸೆ, ಕಾಲ ಹತ್ರ ಉಂಬಳ ನೋಡ್ಕೊ' ಅಂತ ಕೂಗಿದ್ದು ಸ್ಪಷ್ಟವಾಗಿ ಬಿದ್ದಿದೆ. ಹಾಳಾಯ್ತು, ಅಳಿಸ್ತೆ ಅಂದಳು. ನಾನು ಅದನ್ನು ನನ್ನ ಡಿಸ್ಕಿಗೂ ಒಂದು ಪ್ರತಿ ಹಾಕಿಕೊಂಡೆ.

ಇಂತಿ,
ಒಬ್ಬ ಸೌಂಡ್ ರೆಕಾರ್ಡಿಸ್ಟ್, ಶಿರಸಿ